ಅಜ್ಜಿಯ ಉಸಿರಿನ ಲೆಕ್ಕ

ನಮ್ಮ ಹಳ್ಳಿಯ ಮನೆಯಿಂದ ಶಿಡ್ಲಘಟ್ಟದ ಬಸ್ಸು ನಿಲ್ಲುವ ರಸ್ತೆಗೆ ಎರಡು ಫರ್ಲಾಂಗಿಗಿಂತ ಹೆಚ್ಚಿಲ್ಲ. ಕಾಲು ಗಟ್ಟಿಯಿರುವವರಿಗೆ ಅದು ಐದು ನಿಮಿಷದ ದಾರಿ. ನನ್ನ ಅಜ್ಜಿಗೆ ಮಾತ್ರ ಅರ್ಧ ಗಂಟೆಯ ಪಯಣ. ನಡುವೆ ಮೂರು ತಂಗುದಾಣಗಳು. ಮೊದಲನೆಯದು ಬೀದಿಯ ತಿರುವಿನಲ್ಲಿದ್ದ ಚಪ್ಪಟೆಯಾದ ಒಂದು ಕಲ್ಲು. ಎರಡನೆಯದು ಸೇದುವ ಬಾವಿಯ ಕಟ್ಟೆ. ಮೂರನೆಯದು ರಸ್ತೆಯ ಬದಿಯ ಅರಳಿಕಟ್ಟೆ. ಒಂದೊಂದರ ಮೇಲೂ ಕುಳಿತು, ಮೊಣಕಾಲಿನ ಮೇಲೆ ಎರಡೂ ಅಂಗೈಗಳನ್ನು ಊರಿ, ತುಟಿಗಳನ್ನು ಕಿರಿದು ಮಾಡಿಕೊಂಡು ಆಕೆ ಉಸಿರನ್ನು ಮೆಲ್ಲಗೆ ಹೊರಗೆ ಬಿಡುವಳು. ಎದೆಯೊಳಗಿನ ಸಿಳ್ಳು ತಗ್ಗಿದ ಮೇಲೆ ‘ಏಳು ಮಗು, ಮುಂದಿನ ಕಲ್ಲಿಗೆ ಹೋಗೋಣ’ ಎನ್ನುವಳು. ದೂರವನ್ನು ಅಳೆಯುವುದನ್ನು ನಾನು ಕಲಿತದ್ದು ಮೈಲಿಗಳಿಂದಲ್ಲ, ಅಜ್ಜಿಯ ಉಸಿರಿನಿಂದ.

ಈ ತಂಗುದಾಣಗಳಲ್ಲಿ ಆಕೆ ಸುಮ್ಮನೆ ಕುಳಿತಿರುತ್ತಿದ್ದಳೆಂದು ವಾಚಕರು ಭಾವಿಸಬಾರದು. ಮೊದಲನೆಯ ಕಲ್ಲಿನ ಎದುರು ಮನೆಯ ಸೊಸೆಗೆ ಎದೆಹಾಲು ಸಾಲದೆ ಇದ್ದುದನ್ನು ಆಕೆ ಕಂಡುಕೊಂಡದ್ದು ಅಲ್ಲಿ ಕುಳಿತಿದ್ದಾಗಲೇ. ಎರಡು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರ ಹೆಂಡಿರನ್ನು ಒಂದೇ ಹಗ್ಗಕ್ಕೆ ಕೈಹಚ್ಚಿಸಿ ನೀರು ಸೇದಿಸಿದ್ದು ಬಾವಿಯ ಕಟ್ಟೆಯಲ್ಲಿ. ಅರಳಿಕಟ್ಟೆಯಲ್ಲಂತೂ ಬಸ್ಸು ಬರುವುದರೊಳಗೆ ಒಂದು ಮದುವೆಯ ಮಾತು ಅರ್ಧ ಮುಗಿದಿರುತ್ತಿತ್ತು. ಬಿರಬಿರನೆ ನಡೆದುಹೋಗುವ ಗಂಡಸರಿಗೆ ಊರಿನ ದಾರಿ ಮಾತ್ರ ಗೊತ್ತು. ನಿಂತು ನಿಂತು ನಡೆದ ಅಜ್ಜಿಗೆ ಊರು ಗೊತ್ತಿತ್ತು.

ಆಕೆಗೆ ಇದ್ದುದು ಉಬ್ಬಸ. ನಮ್ಮ ಕಡೆ ಇದನ್ನು ದಮ್ಮು ಎನ್ನುತ್ತಾರೆ. ಮೂರನೆಯ ಹೆರಿಗೆಯಾದ ಮೇಲೆ, ಇನ್ನೂ ಮೂವತ್ತು ತುಂಬುವ ಮೊದಲೇ ಅದು ಬಂದಿತು. ಬಂದದ್ದು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಮನೆಯವರಲ್ಲಿ ಒಬ್ಬರಂತೆ ಉಳಿದುಬಿಟ್ಟಿತು. ಮಾರ್ಗಶಿರ ಮಾಸದಲ್ಲಿ ನಂದಿಬೆಟ್ಟದ ಕಡೆಯಿಂದ ಮಂಜು ಇಳಿದರೆ ಆಕೆಗೆ ಮಲಗುವ ಯೋಗವಿಲ್ಲ. ಹಾಸಿಗೆಯನ್ನು ಸುರುಳಿ ಸುತ್ತಿ ಗೋಡೆಗೆ ಒರಗಿಸಿ, ಅದಕ್ಕೆ ಬೆನ್ನು ಕೊಟ್ಟು ಬೆಳಗಿನ ತನಕ ಕುಳಿತಿರಬೇಕು. ಉಬ್ಬಸದಲ್ಲಿ ಶ್ವಾಸನಾಳಗಳ ಒಳಪದರ ಊದಿಕೊಂಡು ದಾರಿ ಕಿರಿದಾಗುತ್ತದೆಂದೂ, ಉಸಿರನ್ನು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದೇ ಹೆಚ್ಚು ಪ್ರಯಾಸವೆಂದೂ ನಾನು ಪುಸ್ತಕಗಳಿಂದ ತಿಳಿದದ್ದು ಬಹಳ ಕಾಲದ ಮೇಲೆ. ಅಜ್ಜಿಗೆ ಅದು ಪುಸ್ತಕವಿಲ್ಲದೆಯೇ ತಿಳಿದಿತ್ತು. ‘ತಗೊಳ್ಳೋದು ಸುಲಭ ಕಣೋ, ಕೊಡೋದೇ ಕಷ್ಟ’ ಎಂದು ನಗುವಳು. ನಕ್ಕರೆ ಕೆಮ್ಮು ಬರುವುದು, ಬಂದರೂ ನಗುವಳು.

ಆಗ ಇದ್ದ ಔಷಧಗಳು ಕೆಲವೇ. ಹಿತ್ತಿಲಿನ ಆಡುಸೋಗೆಯ ಎಲೆಯ ಕಷಾಯವೊಂದು. ಆ ಗಿಡದ ವಾಸಿಸಿನ್ ಎಂಬ ಸತ್ವದ ಜಾಡು ಹಿಡಿದೇ ಕಫವನ್ನು ಸಡಿಲಿಸುವ ಬ್ರಾಮ್‌ಹೆಕ್ಸಿನ್ ಎಂಬ ಔಷಧ ತಯಾರಾಯಿತೆಂದು ತಿಳಿದಾಗ, ಅಜ್ಜಿಯ ಹಿತ್ತಿಲಿಗೆ ನಾನು ಮನಸ್ಸಿನಲ್ಲಿಯೇ ಕೈಮುಗಿದೆ. ದತ್ತೂರಿಯ ಒಣಗಿದ ಎಲೆಯ ಹೊಗೆಯನ್ನು ಕುಡಿಯುವ ಪದ್ಧತಿಯೂ ಆಗ ಇದ್ದಿತು. ಅದು ವಿಷವೆಂದು ಬಲ್ಲವಳಾದುದರಿಂದ ಅಜ್ಜಿ ಅದನ್ನು ಮುಟ್ಟಲಿಲ್ಲ. ಪೇಟೆಯಿಂದ ತರುತ್ತಿದ್ದ ಎಫೆಡ್ರಿನ್ ಮಾತ್ರೆ ಉಸಿರಿಗೆ ದಾರಿ ಮಾಡಿಕೊಡುತ್ತಿತ್ತು. ಜತೆಗೆ ಎದೆ ಡವಗುಟ್ಟಿಸಿ, ಕೈ ನಡುಗಿಸಿ, ನಿದ್ದೆಯನ್ನೂ ಕಸಿದುಕೊಳ್ಳುತ್ತಿತ್ತು. ಮಾತ್ರೆ ನುಂಗಿದ ದಿನ ರಂಗೋಲಿಯ ಎಳೆ ಸೊಟ್ಟಗಾಗುವುದು. ಆಗ ಆಕೆ ಹೂವು ಬಿಟ್ಟು ಹಾವಿನ ರಂಗೋಲಿಯನ್ನು ಬಿಡಿಸುವಳು. ಹಾವು ಸೊಟ್ಟಗಿದ್ದರೆ ಯಾರು ಕೇಳಿಯಾರು?

ಅಜ್ಜಿಯ ಪ್ರಪಂಚಕ್ಕೆ ನಾಲ್ಕು ದಿಕ್ಕುಗಳು. ಶಿಡ್ಲಘಟ್ಟದ ಸೀಮೆಯಲ್ಲಿ ಸೇರಿದ ಮನೆ. ಚಿಂತಾಮಣಿಯ ಕಡೆ ತವರು. ಚಿಕ್ಕಬಳ್ಳಾಪುರದಲ್ಲಿ ಉಪಾಧ್ಯಾಯನಾಗಿದ್ದ ಮಗ, ಎಂದರೆ ನನ್ನ ತಂದೆ. ಗೌರಿಬಿದನೂರಿನಲ್ಲಿ ಕೊಟ್ಟ ಮಗಳು. ಇವೆಲ್ಲವೂ ಆಗ ಕೋಲಾರ ಜಿಲ್ಲೆಯವು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ವರ್ಷಕ್ಕೊಮ್ಮೆಯಾದರೂ ನಾಲ್ಕೂ ಊರುಗಳನ್ನು ಸುತ್ತಿ ಬರಬೇಕೆಂಬುದು ಆಕೆಯ ವ್ರತ. ತವರಿಗೆ ಹೋದರೆ ಕೈವಾರಕ್ಕೆ ಹೋಗಿ, ಬಳೆ ಮಾರುತ್ತಾ ಯೋಗಿಯಾದ ನಾರೇಯಣ ತಾತಯ್ಯನವರ ಮಠದಲ್ಲಿ ಒಂದು ಸಂಜೆ ಕುಳಿತಿರುವಳು. ತಾತಯ್ಯನವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದವರು. ತವರಿನಲ್ಲಿ ತೆಲುಗು, ಅತ್ತೆಯ ಮನೆಯಲ್ಲಿ ಕನ್ನಡ ಆಡುತ್ತಿದ್ದ ಅಜ್ಜಿಗೆ ಅದು ಬಹಳ ಸಹಜವೆನಿಸಿತ್ತು. ಮಗಳ ಊರಿಗೆ ಹೋದರೆ ವಿದುರಾಶ್ವತ್ಥದ ನಾಗರಕಲ್ಲುಗಳಿಗೆ ಹಾಲೆರೆದು, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದಲ್ಲಿ ಅಲ್ಲಿ ಗುಂಡಿಗೆ ಬಲಿಯಾದವರನ್ನು ನೆನೆದು ಕಣ್ಣೊರಸಿಕೊಳ್ಳುವಳು. ‘ನನಗೆ ಉಸಿರು ಕಟ್ಟಿದರೆ ಬಿಡಿಸೋಕೆ ನೀವಿದ್ದೀರಿ. ಅವರದು ಒಂದೇ ಗಳಿಗೆ’ ಎಂದದ್ದು ನನಗೆ ನೆನಪಿದೆ.

ಗೌರಿಬಿದನೂರಿನ ಬಳಿ 1965ರಲ್ಲಿ ಭೂಕಂಪವನ್ನು ಅಳೆಯುವ ಕೇಂದ್ರ ಆರಂಭವಾಯಿತು. ಸಾವಿರಾರು ಮೈಲಿ ದೂರದಲ್ಲಿ ನೆಲ ಕಂಪಿಸಿದರೂ ಅಲ್ಲಿನ ಯಂತ್ರಗಳಿಗೆ ತಿಳಿಯುತ್ತದೆಂದು ನನ್ನ ಮಾವ ವಿವರಿಸಿದಾಗ ಅಜ್ಜಿ ಕಣ್ಣರಳಿಸಿ ಕೇಳಿದಳು. ‘ಅಂತೂ ಭೂಮಿತಾಯಿಯ ಎದೆಗೂ ಕೊಳವೆ ಇಟ್ಟು ಕೇಳೋ ಡಾಕ್ಟರು ಬಂದರು ಅನ್ನು’ ಎಂದಳು. ಆ ಕೇಂದ್ರದ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ನನ್ನ ವಿದ್ಯಾರ್ಥಿಗಳಿಗೆ ನಾನೂ ವಿವರಿಸಲಾರದೆ ಹೋದೆ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಎಲ್ಲರ ಮನೆಯಂತೆ ನಮ್ಮ ಮನೆಯಲ್ಲಿಯೂ ಹುಳುಗಳು ನಡುಮನೆಯಲ್ಲಿಯೇ ಇರುತ್ತಿದ್ದವು. ನಾವು ಉಳಿದ ಜಾಗದಲ್ಲಿ ಇರುತ್ತಿದ್ದೆವು. ಹುಳುವಿನ ಬಾಳು ಸುಮಾರು 25 ದಿನ. ಅಷ್ಟರೊಳಗೆ ಅದರ ತೂಕ ಸುಮಾರು 10,000 ಪಟ್ಟು ಬೆಳೆಯುತ್ತದೆ. ನಾಲ್ಕು ಸಲ ಅದು ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ನಿಂತು, ಹಳೆಯ ಚರ್ಮವನ್ನು ಕಳಚುತ್ತದೆ. ಇದಕ್ಕೆ ನಮ್ಮ ರೈತರು ಇಟ್ಟ ಹೆಸರು ಜ್ವರ. ಮೊದಲನೆಯ ಜ್ವರ, ಎರಡನೆಯ ಜ್ವರ ಎಂದು ಎಣಿಸುತ್ತಾರೆ. ಜ್ವರದಲ್ಲಿರುವ ಹುಳುವನ್ನು ಕೆದಕಬಾರದು, ಸೊಪ್ಪು ಹಾಕಬಾರದು. ಅದು ಎದ್ದ ಮೇಲೆ ಹಸಿವಿಗೆ ತಕ್ಕಷ್ಟು ಹಾಕಬೇಕು. ಅಜ್ಜಿ ತನ್ನ ಉಬ್ಬಸವನ್ನೂ ಇದೇ ಮಾತಿನಲ್ಲಿ ಹೇಳುವಳು: ‘ನಾನು ಈಗ ಜ್ವರಕ್ಕೆ ಕೂತಿದ್ದೀನಿ. ಮಾತಾಡಿಸಬೇಡಿ. ಎದ್ದ ಮೇಲೆ ನೋಡಿ ನನ್ನ ಹಸಿವು!’ ಎದ್ದ ಮೇಲೆ ನಿಜವಾಗಿಯೂ ಆಕೆಗೆ ಹಸಿವು: ಊಟದ ಹಸಿವು, ಕೆಲಸದ ಹಸಿವು, ಸುದ್ದಿಯ ಹಸಿವು.

ರಾತ್ರಿ ಹುಳುಗಳಿಗೆ ಸೊಪ್ಪು ಹಾಕುವ ಪಾಳಿ ಅಜ್ಜಿಯದು. ಹೇಗೂ ನಿದ್ದೆಯಿಲ್ಲದವಳಿಗೆ ಅದು ದೇವರು ಹೊಂದಿಸಿಕೊಟ್ಟ ಕೆಲಸವೆಂದು ಆಕೆಯ ವಾದ. ಕತ್ತಲಲ್ಲಿ ತಟ್ಟೆ ತಟ್ಟೆಗೂ ಹಿಪ್ಪುನೇರಳೆ ಸೊಪ್ಪು ಹರಡಿದೊಡನೆ ಮಳೆ ಹಿಡಿದಂತೆ ಸದ್ದಾಗುವುದು. ಆ ಸದ್ದು ಸರಿಯಿದೆಯೆ ಎಂದು ಕಿವಿಗೊಟ್ಟು ಕೇಳುವಳು. ಬಳಿಕ ಲಾಟೀನನ್ನು ಹತ್ತಿರಕ್ಕೆ ಎಳೆದುಕೊಂಡು ನನ್ನನ್ನು ಎಬ್ಬಿಸುವಳು; ನಾನು ಭಾರತ ಓದಬೇಕು. ಆಗ ನಾನು ಏಳೆಂಟು ವರ್ಷದವನು. ಕುಮಾರವ್ಯಾಸನ ಪದ್ಯಗಳು ಆಕೆಗೆ ಕಂಠಸ್ಥವಾಗಿದ್ದವು, ಆದರೆ ಹೇಳಲು ಉಸಿರು ಸಾಲದು. ನಾನು ಅಕ್ಷರ ಕೂಡಿಸಿ ಓದುವೆನು, ಆಕೆ ತಿದ್ದುವಳು. ಸಾಲಿನಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಆಕೆ ಬೆರಳಿನಿಂದ ನನ್ನ ತೊಡೆಯ ಮೇಲೆ ತಟ್ಟಿ ತೋರಿಸುವಳು.

ಮುಂದೆ ಕಾಲೇಜಿನಲ್ಲಿ ಛಂದಸ್ಸಿನ ಪಾಠವಾಯಿತು. ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಮೂರು ನಾಲ್ಕು ಮಾತ್ರೆಗಳ ಗಣಗಳಾಗಿ 14 ಮಾತ್ರೆಯವು. ಮೂರನೆಯದೂ ಆರನೆಯದೂ ಅವಕ್ಕಿಂತ ಉದ್ದ, ಕೊನೆಗೊಂದು ಗುರು, ಒಟ್ಟು 23 ಮಾತ್ರೆ. ಅಧ್ಯಾಪಕರು ಹಲಗೆಯ ಮೇಲೆ ಗೆರೆ ಎಳೆದು ಗಣ ವಿಂಗಡಿಸುತ್ತಿದ್ದಂತೆ ನನ್ನ ತೊಡೆಯ ಮೇಲೆ ಅಜ್ಜಿಯ ಬೆರಳು ತಟ್ಟಿದಂತಾಯಿತು. ಆಕೆ ತಟ್ಟುತ್ತಿದ್ದುದು ಆ ಗೆರೆಗಳ ಜಾಗದಲ್ಲಿಯೇ! ಉದ್ದನೆಯ ಮೂರನೆಯ ಸಾಲು ಬಂದಾಗ ನಡುವೆ ಒಮ್ಮೆ ನಿಂತು, ಉಸಿರು ತಿರುಗಿಸಿಕೊಂಡು, ಕೊನೆಯ ಗುರುವಿನ ಮೇಲೆ ನೆಮ್ಮದಿಯಾಗಿ ಕೂರುತ್ತಿದ್ದಳು, ಅರಳಿಕಟ್ಟೆಯ ಮೇಲೆ ಕೂರುವಂತೆ. ಛಂದಸ್ಸೆಂದರೆ ಉಸಿರಿನ ಲೆಕ್ಕವೆಂಬುದನ್ನು ಉಸಿರಿನ ಕೊರತೆಯಿದ್ದವಳಿಂದ ನಾನು ಕಲಿತೆ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಮಕ್ಕಳಿಗೆ ಪದ್ಯ ಪಾಠ ಹೇಳಿ ನಿವೃತ್ತನಾದೆ. ನನ್ನ ಬಂಡವಾಳವೆಲ್ಲ ಆ ಲಾಟೀನಿನ ಬೆಳಕಿನದು.

ಇನ್ನು ನಾನು ಹೇಳಲೇಬೇಕಾದ, ಹೇಳಲು ಅಷ್ಟು ಇಷ್ಟವಿಲ್ಲದ ಮಾತಿಗೆ ಬರುತ್ತೇನೆ.

1966ರ ಚಳಿಗಾಲದಲ್ಲಿ ಅಜ್ಜಿಗೆ ಬಹಳ ಜೋರಾಗಿ ಉಬ್ಬಸ ಬಂದಿತು. ತುಟಿ, ಉಗುರು ನೀಲಿಗಟ್ಟಿದವು. ಗಾಡಿಯಲ್ಲಿ ಹಾಕಿಕೊಂಡು ಪೇಟೆಗೆ ಹೋದೆವು, ಬದುಕಿಕೊಂಡಳು. ವೈದ್ಯರು ತಂದೆಯವರನ್ನು ಬದಿಗೆ ಕರೆದು, ಹುಳುವಿನ ಮನೆಯೇ ಈ ರೋಗಕ್ಕೆ ಮೇವು, ಆಕೆಯನ್ನು ಅಲ್ಲಿಂದ ಬಿಡಿಸಿ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ರೇಷ್ಮೆಯ ಕೆಲಸದವರಲ್ಲಿ, ಅದರಲ್ಲಿಯೂ ಗೂಡು ಬೇಯಿಸಿ ನೂಲು ಬಿಚ್ಚುವವರಲ್ಲಿ, ಎಳೆಗೆ ಅಂಟಿರುವ ಸೆರಿಸಿನ್ ಎಂಬ ಗೋಂದು, ಹುಳು ಮತ್ತು ಚಿಟ್ಟೆಗಳ ಸೂಕ್ಷ್ಮ ಧೂಳು ಇವುಗಳಿಂದ ಉಬ್ಬಸ ಉಂಟಾಗಬಹುದೆಂದು ವೈದ್ಯಶಾಸ್ತ್ರ ಈಗ ಗುರುತಿಸಿದೆ. ತಂದೆಯವರು ಅಜ್ಜಿಯನ್ನು ಚಿಕ್ಕಬಳ್ಳಾಪುರಕ್ಕೆ ಕರೆತಂದರು. ನಾನೂ ಆಗ ಅಲ್ಲಿಯೇ ಹೈಸ್ಕೂಲಿಗೆ ಸೇರಿದ್ದೆ. ಆಕೆಯ ಕಾವಲು ನನ್ನ ಪಾಲಿಗೆ ಬಂದಿತು.

ನಾನು ಕಾವಲುಗಾರನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ಕೊಡ ಮುಟ್ಟಲು ಬಿಡಲಿಲ್ಲ. ಒಲೆಯ ಹತ್ತಿರ ಬಿಡಲಿಲ್ಲ. ಬೀದಿಯಲ್ಲಿ ಧೂಳು, ಆದುದರಿಂದ ಬೀದಿಗೂ ಬಿಡಲಿಲ್ಲ. ರಾತ್ರಿ ಲಾಟೀನು ಹಚ್ಚಿದರೆ ಆಯಾಸವೆಂದು ಭಾರತವನ್ನೂ ನಿಲ್ಲಿಸಿದೆ. ಒಂದು ದಿನ ಆಕೆ, ‘ಸ್ಟೇಷನ್ನಿಗೆ ಕರಕೊಂಡು ಹೋಗೋ. ಶಿಡ್ಲಘಟ್ಟದ ಕಡೆ ಹೋಗೋ ರೈಲನ್ನು ನೋಡಿಕೊಂಡು ಬರೋಣ’ ಎಂದಳು. ನಾನು, ಡಾಕ್ಟರು ಬೇಡವೆಂದಿದ್ದಾರೆ ಎಂದೆ. ಡಾಕ್ಟರು ರೈಲಿನ ವಿಷಯ ಏನನ್ನೂ ಹೇಳಿರಲಿಲ್ಲ. ನನಗೆ ಅಂದು ಗೆಳೆಯರೊಡನೆ ಆಟವಿತ್ತು. ಅಜ್ಜಿ ಮತ್ತೆ ಕೇಳಲಿಲ್ಲ. ಆ ಮೌನ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಎಂಟು ತಿಂಗಳಲ್ಲಿ ಆಕೆಯ ಉಸಿರು ಸರಾಗವಾಯಿತು. ಆದರೆ ಆಕೆ ಅಜ್ಜಿಯಾಗಿ ಉಳಿಯಲಿಲ್ಲ, ರೋಗಿಯಾದಳು. ಯಾರು ಏನು ಕೇಳಿದರೂ ‘ಹೂಂ’ ಎನ್ನುವಳು. ಊಟ ಹಾಕಿದರೆ ಉಣ್ಣುವಳು. ನಗುತ್ತಿರಲಿಲ್ಲ, ಆದುದರಿಂದ ಕೆಮ್ಮೂ ಇಲ್ಲ. ನಮಗೆಲ್ಲ ಗುಣವಾಯಿತೆಂದು ಸಮಾಧಾನ. ಒಂದು ಸಂಜೆ ತಂದೆಯವರು ಶಾಲೆಯಿಂದ ಬಂದು ಕುಳಿತಾಗ ಆಕೆ ತಾನಾಗಿ ಮಾತು ತೆಗೆದಳು: ‘ಉಬ್ಬಸವನ್ನು ಕಟ್ಟಿಹಾಕ್ತೀವಿ ಅಂತ ನೀವು ನನ್ನನ್ನು ಕಟ್ಟಿಹಾಕಿದಿರಪ್ಪ. ಅದೂ ನಾನೂ ಒಂದೇ ಹಗ್ಗದಲ್ಲಿ ಇರೋದು. ಇಷ್ಟು ವರ್ಷ ಅದನ್ನು ಕಟ್ಟಿಕೊಂಡೇ ಓಡಾಡಿದ್ದೀನಿ. 1927ರಲ್ಲಿ ಗಾಂಧಿಯವರೂ ಕಾಯಿಲೆಯಾಗಿ ನಮ್ಮ ನಂದಿಬೆಟ್ಟಕ್ಕೇ ಬಂದಿದ್ದರಲ್ಲ, ಸುಧಾರಿಸಿಕೊಂಡು ಇಳಿದು ಹೋದರೋ, ಅಲ್ಲೇ ಕೂತುಬಿಟ್ಟರೋ?’

ತಂದೆಯವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, ‘ಹುಳುವಿನ ಮನೆಗೆ ನಿನ್ನನ್ನು ಹೇಗೆ ಕಳಿಸಲಿ ಅಮ್ಮಾ?’ ಎಂದರು. ಆಗ ತಿಳಿಯಿತು, ಆ ಎಂಟು ತಿಂಗಳು ಅಜ್ಜಿ ಸುಮ್ಮನೆ ಕುಳಿತಿರಲಿಲ್ಲವೆಂದು. ಆಕೆಯ ಲೆಕ್ಕ ಸಿದ್ಧವಾಗಿತ್ತು. ಹುಳುಗಳು ನಡುಮನೆಯಿಂದ ಹೊರಗೆ ಹೋಗಬೇಕು. ಹಿತ್ತಿಲಿನಾಚೆ ಒಂದು ಕೊಟ್ಟಿಗೆಯನ್ನು ಎಬ್ಬಿಸಬೇಕು. ಅದಕ್ಕೆ ತನ್ನ ಎರಡು ಬಳೆಗಳನ್ನು ಕೊಡುವುದು. ತಾನು ಅದರ ಹೊಸ್ತಿಲು ದಾಟುವುದಿಲ್ಲ, ಜಗಲಿಯ ಮೇಲೆ ಕುಳಿತು ಕೆಲಸ ಮಾಡಿಸುವುದು. ವೈದ್ಯರ ಮಾತೂ ಉಳಿಯಿತು, ಆಕೆಯ ಬಾಳೂ ಉಳಿಯಿತು. ವಾಸದ ಮನೆಯಿಂದ ಬೇರೆಯಾಗಿ ಹುಳು ಮನೆಯನ್ನು ಕಟ್ಟಿಕೊಳ್ಳುವಂತೆ ರೇಷ್ಮೆ ಇಲಾಖೆಯವರು ರೈತರಿಗೆ ಹೇಳುತ್ತಲೇ ಬಂದಿದ್ದಾರೆ. ಹುಳುವಿನ ರೋಗ ತಡೆಯಲು ಅದು ಅಗತ್ಯ. ನಮ್ಮ ಮನೆಯಲ್ಲಿ ಅದು ಮನುಷ್ಯರ ದೆಸೆಯಿಂದ ಆಯಿತು.

ಹಿಂದಿರುಗುವ ದಿನ ಚಿಕ್ಕಬಳ್ಳಾಪುರದ ಸ್ಟೇಷನ್ನಿನಿಂದ ಅಜ್ಜಿಯನ್ನು ಕರೆದೊಯ್ದವನು ನಾನೇ. 1910ರ ದಶಕದಲ್ಲಿ ಹಾಕಿದ ಆ ನ್ಯಾರೋಗೇಜಿನ ಪುಟ್ಟ ರೈಲು ಶಿಡ್ಲಘಟ್ಟ, ಚಿಂತಾಮಣಿಗಳ ಮೇಲೆ ಕೋಲಾರಕ್ಕೆ ಹೋಗುತ್ತಿತ್ತು. ಏರು ಬಂದಲ್ಲಿ ಎಂಜಿನ್ ಏದುಸಿರು ಬಿಡುವುದು. ಸಣ್ಣ ಸಣ್ಣ ಸ್ಟೇಷನ್ನುಗಳಲ್ಲಿ ನಿಂತು ನೀರು ಕುಡಿಯುವುದು. ‘ಪಾಪ, ಇದಕ್ಕೂ ದಮ್ಮು. ಆದರೂ ಊರು ಮುಟ್ಟಿಸುತ್ತೆ ನೋಡು’ ಎಂದು ಕಿಟಕಿಯ ಕಂಬಿಯನ್ನು ಸವರಿದಳು. ಆಮೇಲೆ ನಕ್ಕಳು, ಕೆಮ್ಮಿದಳು. ಎಂಟು ತಿಂಗಳ ಮೇಲೆ ಆ ಕೆಮ್ಮನ್ನು ಕೇಳಿ ನನಗೆ ಹೆದರಿಕೆಯ ಬದಲು ಸಂತೋಷವಾಯಿತೆಂದರೆ ಯಾರಾದರೂ ನಂಬಿಯಾರೆ?

ಅಲ್ಲಿಂದ ಮುಂದೆ ಸುಮಾರು ಇಪ್ಪತ್ತು ವರ್ಷ ಜಗಲಿಯೇ ಅಜ್ಜಿಯ ಪೀಠ. ಹುಳು ಹಣ್ಣಾದಾಗ ಮೇವು ಬಿಟ್ಟು, ಮೈ ಪಾರದರ್ಶಕವಾಗಿ, ತಲೆಯೆತ್ತಿ ಆಚೀಚೆ ಹುಡುಕಾಡುತ್ತದೆ. ಆಗ ತಡಮಾಡದೆ ಚಂದ್ರಿಕೆಗೆ ಬಿಡಬೇಕು. ಹೊಸದಾಗಿ ಮನೆಗೆ ಬಂದ ಸೊಸೆಯರಿಗೆ ಅದನ್ನು ಗುರುತಿಸಲು ಆಕೆ ದೂರದಿಂದಲೇ ಕಲಿಸಿದಳು. ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ಮೊದಲಾದ ಹುಳುವಿನ ರೋಗಗಳ ಲಕ್ಷಣ ಕೇಳಲು ಪಕ್ಕದ ಬೀದಿಯವರೂ ಬರುವರು. ಗೂಡು ಮಾರಿ ಬಂದವರು ಶಿಡ್ಲಘಟ್ಟದ ಮಾರುಕಟ್ಟೆಯ ಧಾರಣೆಯನ್ನು ಮೊದಲು ಒಪ್ಪಿಸಬೇಕಾದದ್ದು ಆಕೆಗೆ. 1980ರಲ್ಲಿ ಬಂಗಾಳದ ಕಡೆಯಿಂದ ಊಜಿ ನೊಣ ನಮ್ಮ ನಾಡಿಗೆ ಬಂದಿತು. ಹುಳುವಿನ ಮೈಮೇಲೆ ಅದು ಮೊಟ್ಟೆಯಿಡುವುದು. ಮರಿ ಒಳಹೊಕ್ಕಲ್ಲಿ ಕಪ್ಪು ಕಲೆ. ಕೊನೆಗೆ ಗೂಡನ್ನು ಕೊರೆದು ಹೊರಬರುವುದು, ಆ ಗೂಡಿನಿಂದ ನೂಲು ಬಾರದು. ಬೆಳೆಗೆ ಬೆಳೆಯೇ ಹಾಳಾಗಿ ಕಣ್ಣೀರಿಡುತ್ತಿದ್ದವರ ನಡುವೆ, ಕಿಟಕಿ ಬಾಗಿಲುಗಳಿಗೆ ಬಲೆಯ ಪರದೆ ಕಟ್ಟುವುದೊಂದೇ ದಾರಿಯೆಂದು ತಿಳಿದೊಡನೆ ಅಜ್ಜಿ ಸೂಜಿ ಹಿಡಿದು ಕುಳಿತಳು. ನಮ್ಮ ಹುಳು ಮನೆಯ ಪರದೆ ಮುಗಿದ ಮೇಲೂ ಎದ್ದವಳಲ್ಲ. ನಮ್ಮ ಬೀದಿಯ ಮನೆಮನೆಗೂ ಹೊಲಿದುಕೊಟ್ಟಳು. ನೂಲು ಬಿಚ್ಚುವ ಮುಸಲ್ಮಾನ ಕುಟುಂಬವೊಂದು ಪೇಟೆಯಿಂದ ಬಲೆಯ ಬಟ್ಟೆಯನ್ನು ಸಾಲವಾಗಿ ತಂದು ಕೊಟ್ಟಿತು. ಆ ಮನೆಯ ಮುದುಕಿಗೂ ದಮ್ಮು. ಇಬ್ಬರೂ ತಮ್ಮ ಉಸಿರಿನ ಸುದ್ದಿಯನ್ನು ಜಾತ್ರೆಯ ಸುದ್ದಿಯಂತೆ ಹಂಚಿಕೊಳ್ಳುವರು.

1969ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದ ಸಾಲ್ಬುಟಮಾಲ್ ಎಂಬ ಔಷಧದ ಪಂಪು ನಮ್ಮ ಮನೆಯನ್ನು ಮುಟ್ಟಲು ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು. ನನ್ನ ಸಂಬಳದಲ್ಲಿ ಬೆಂಗಳೂರಿನಿಂದ ಕೊಂಡು ತಂದೆ. ಒಂದು ಸಲ ಒತ್ತಿ ಎಳೆದುಕೊಂಡ ಕೆಲವು ನಿಮಿಷಗಳಲ್ಲಿಯೇ ಸಿಳ್ಳು ನಿಂತಿತು. ಅಜ್ಜಿ ಬೆರಗಾಗಿ ಆ ಡಬ್ಬಿಯನ್ನು ತಿರುಗಿಸಿ ನೋಡಿದಳು. ‘ಇದು ಮೊದಲೇ ಸಿಕ್ಕಿದ್ದರೆ ಎಷ್ಟು ಕೆಲಸ ಆಗಿರೋದು!’ ಎಂದಳು. ನಾನು ಕಣ್ಣು ತಗ್ಗಿಸಿದೆ. ಎಷ್ಟು ನೋವು ತಪ್ಪುತ್ತಿತ್ತು ಎಂಬುದು ನನ್ನ ಮನಸ್ಸಿನಲ್ಲಿ ಬಂದ ಮಾತು. ಆಕೆಗೆ ಬಂದದ್ದು ಕೆಲಸದ ಮಾತು. ಅಂದು ಸಂಜೆ ಬಸ್ಸಿನ ರಸ್ತೆಗೆ ಹೋಗುವಾಗ ಆಕೆ ಮೊದಲನೆಯ ಕಲ್ಲಿನಲ್ಲಿ ನಿಲ್ಲದೆ ಮುಂದೆ ನಡೆದಳು. ನಾಲ್ಕು ಹೆಜ್ಜೆ ಹೋಗಿ, ಏನೋ ಮರೆತವಳಂತೆ ಹಿಂದಿರುಗಿ ಬಂದು ಕುಳಿತಳು. ಏಕೆ, ಆಯಾಸವೇ ಎಂದು ಕೇಳಿದೆ. ‘ಆಯಾಸವಿಲ್ಲ ಕಣೋ. ಎದುರು ಮನೆಯವಳನ್ನು ಮಾತಾಡಿಸದೆ ಹೋದರೆ ಏನಂದುಕೊಂಡಾಳು?’

1986ರ ಮಾರ್ಗಶಿರದಲ್ಲಿ, ಮಂಜು ದಟ್ಟವಾಗಿದ್ದ ಒಂದು ಬೆಳಗ್ಗೆ ಅಜ್ಜಿ ತೀರಿಕೊಂಡಳು. ಸುರುಳಿ ಸುತ್ತಿದ ಹಾಸಿಗೆಗೆ ಒರಗಿಯೇ ಇದ್ದಳು. ಹಿಂದಿನ ಸಂಜೆ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದಿದ್ದವು. ಬೆಳಗಿನ ಸೊಪ್ಪು ಎಷ್ಟು ಬುಟ್ಟಿ ಎಂಬುದನ್ನು ಸೊಸೆಗೆ ಹೇಳಿ ಮಲಗಿದ್ದಳಂತೆ. ಸಾವಿನ ಮನೆಯೆಂದು ಹುಳುಗಳನ್ನು ಉಪವಾಸವಿಡಲಾಗದು. ಅಳುತ್ತಲೇ ಸೊಪ್ಪು ಹಾಕಿದರು. ಹಿತ್ತಿಲಿನಾಚೆಯಿಂದ ಆ ಮಳೆಯ ಸದ್ದು ಜಗಲಿಗೆ ಕೇಳುತ್ತಿತ್ತು.

ಹೋದ ವರ್ಷ ಊರಿಗೆ ಹೋಗಿದ್ದೆ. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ಹಳಿ 2013ರಲ್ಲಿಯೇ ಬ್ರಾಡ್‌ಗೇಜಾಗಿದೆ. ಈಗಿನ ರೈಲಿಗೆ ದಮ್ಮಿಲ್ಲ. ರಸ್ತೆಯನ್ನು ಅಗಲ ಮಾಡುವಾಗ ಅರಳಿಕಟ್ಟೆ ಹೋಯಿತು. ಬಾವಿ ಬತ್ತಿ ಮುಚ್ಚಿದ್ದಾರೆ. ಮೊದಲನೆಯ ಕಲ್ಲು ಮಾತ್ರ ತಿರುವಿನಲ್ಲಿ ಇದ್ದಲ್ಲಿಯೇ ಇದೆ. ನನಗೆ ಎಪ್ಪತ್ತು ದಾಟಿದ್ದರೂ ದೇವರ ದಯೆಯಿಂದ ಉಸಿರಿಗೆ ಕೊರತೆಯಿಲ್ಲ. ಒಂದೇ ಸಮನೆ ನಡೆದು ರಸ್ತೆ ಸೇರಬಲ್ಲೆ. ಆದರೂ ಆ ಕಲ್ಲಿನ ಮೇಲೆ ಕುಳಿತೆ. ಎದುರು ಮನೆಯ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ಹೆಣ್ಣುಮಗಳು ನನ್ನನ್ನು ನೋಡಿ, ‘ಏನು ತಾತ, ಸುಸ್ತಾಯಿತೇ?’ ಎಂದಳು.

ಇಲ್ಲವಮ್ಮ ಎಂದೆ. ಮಗುವಿನ ಹೆಸರೇನು ಎಂದು ಕೇಳಿದೆ.